ಗೌರತ್ತೆ ಹೆಣವಾಗಿ ಮಲಗಿದ ದಿನ

ನಮ್ಮ ಗೌರತ್ತೆಗೆ ಮದುವೆಯಾಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊನೆಯಲ್ಲಿ ಓಲಗ ಊದಿಸುವ ಕಥೆ ಇದಲ್ಲ. ಅತ್ತೆ ಎಂದರೆ ಅಪ್ಪನ ತಂಗಿ. ಯಶವಂತಪುರದಾಚೆಯ ಸಿಂಗಾಪುರವೆಂಬ ಊರಿನ ನಮ್ಮ ಹೆಂಚಿನ ಮನೆಯಲ್ಲಿ ನನ್ನನ್ನೂ ನನ್ನ ತಮ್ಮನನ್ನೂ ಎತ್ತಿ ಆಡಿಸಿ, ತಲೆ ಬಾಚಿ, ತುತ್ತಿಟ್ಟು ಬೆಳೆಸಿದವಳು. ಕಡೆಗಾಲದಲ್ಲಿ ಸಹಕಾರನಗರದ ನನ್ನ ಮನೆಯಲ್ಲೇ ಇದ್ದು, ಹೋದ ವರ್ಷ ತೀರಿಕೊಂಡಳು. ಮೊನ್ನೆ ಊರಿನ ಹಳೆಯ ಗೆಳತಿಯೊಬ್ಬಳು ನನ್ನ ಮೊಬೈಲಿಗೆ ಒಂದು ಸಿನಿಮಾದ ತುಣುಕು ಕಳಿಸಿ, ‘ನಿಮ್ಮ ಮನೆ ನೋಡೇ’ ಎಂದು ಬರೆದಿದ್ದಳು. ನೋಡಿದೆ. ನಮ್ಮ ಅಂಗಳ, ನಮ್ಮ ಜಗಲಿಯ ಕಂಬ, ಚಾಪೆಯ ಮೇಲೆ ಅಲ್ಲಾಡದೆ ಮಲಗಿದ್ದ ಅತ್ತೆಯ ಪಾದ. ಪೂರ್ತಿ ನೋಡಲಾಗದೆ ಫೋನನ್ನು ಮಗುಚಿಟ್ಟೆ.

ಸಿಂಗಾಪುರ ಆಗಿನ್ನೂ ಊರಾಗಿತ್ತು. ಲೇಔಟಿನವರು ಕಲ್ಲು ನೆಟ್ಟು ಹೋಗಿದ್ದರೂ ಆ ಕಲ್ಲುಗಳ ನಡುವೆಯೇ ಜನ ಅವರೆ ಬಿತ್ತುತ್ತಿದ್ದರು. ನಮ್ಮದು ನಡುಮನೆ, ಅಡುಗೆಮನೆ, ಒಂದು ಕತ್ತಲೆ ಕೋಣೆ, ಮುಂದೆ ಜಗಲಿ, ಅದರ ಮುಂದೆ ಸಗಣಿ ಸಾರಿಸಿದ ಅಂಗಳ. ಅಪ್ಪ ದಾಸರಹಳ್ಳಿ ಕಡೆಯ ಕಾರ್ಖಾನೆಯಲ್ಲಿ ಶಿಫ್ಟಿಗೆ ಹೋಗುತ್ತಿದ್ದರು. ಅಮ್ಮ ಯಶವಂತಪುರದ ಗಾರ್ಮೆಂಟ್ಸಿಗೆ. ಇಬ್ಬರೂ ಬೆಳಕು ಹರಿಯುವ ಮುಂಚೆ ಬುತ್ತಿ ಕಟ್ಟಿಕೊಂಡು ಹೊರಟರೆ ಮನೆಯಲ್ಲಿ ಉಳಿಯುತ್ತಿದ್ದವರು ಅಜ್ಜಿ, ಅತ್ತೆ, ನಾವಿಬ್ಬರು ಮಕ್ಕಳು. ಒಲೆ ಮುಂದಿನ ರಾಜ್ಯವೆಲ್ಲ ಅತ್ತೆಯದು. ಅವಳು ಮುದ್ದೆ ಕಟ್ಟುವುದನ್ನು ನೋಡಲಿಕ್ಕೆಂದೇ ನಾನು ಹೊಸ್ತಿಲ ಮೇಲೆ ಕೂರುತ್ತಿದ್ದೆ. ಬಿಸಿ ಹಿಟ್ಟನ್ನು ಅಂಗೈಯಲ್ಲಿ ಒಂದು ಸುತ್ತು ತಿರುಗಿಸಿದರೆ ಸಾಕು, ನುಣ್ಣಗೆ ಗುಂಡಾಗಿ ತಟ್ಟೆಗೆ ಬೀಳುತ್ತಿತ್ತು. ಅಮ್ಮ ಕಟ್ಟಿದ ಮುದ್ದೆ ಬಿರುಕು ಬಿಡುತ್ತಿತ್ತು. ಭಾನುವಾರ ಒಂದು ದಿನ ಅಮ್ಮ ಅಡುಗೆ ಮಾಡಿದರೆ ನಾನೂ ತಮ್ಮನೂ ಮುಖ ಸಿಂಡರಿಸುತ್ತಿದ್ದೆವು. ಅಮ್ಮನಿಗೆ ಅದು ಎಷ್ಟು ನೋಯುತ್ತಿತ್ತೋ, ಒಂದು ದಿನವೂ ಬಾಯಿಬಿಟ್ಟು ಹೇಳಿದವಳಲ್ಲ.

ಅತ್ತೆಗೆ ಗಂಡು ಕೂಡಿಬರದಿರುವುದಕ್ಕೆ ಜಾತಕದ ದೋಷ ಎಂಬ ಕಾರಣವಿತ್ತು. ಮಂಗಳವಾರ ಮಂಗಳವಾರ ಅವಳು ಒದ್ದೆ ಸೀರೆಯಲ್ಲಿ ಅರಳಿಕಟ್ಟೆ ಸುತ್ತುತ್ತಿದ್ದಳು. ಎಣ್ಣೆ ಗಿಂಡಿ ಹಿಡಿದು ಅಜ್ಜಿ ಜೊತೆಗೆ ಹೋಗುತ್ತಿದ್ದಳು. ನಾನು ಹುಟ್ಟಿದ ವರ್ಷ ರಾಜಾನುಕುಂಟೆ ಕಡೆಯಿಂದ ಒಂದು ಗಂಡು ಬಂದು ನೋಡಿಕೊಂಡು ಹೋಗಿದ್ದನಂತೆ. ಉಪ್ಪಿಟ್ಟು ತಿಂದು, ಅತ್ತೆಯನ್ನು ‘ನಿಮಗೆ ಓದೋಕೆ ಇಷ್ಟವಾ’ ಎಂದು ಕೇಳಿದ್ದನಂತೆ. ಹೆಣ್ಣು ನೋಡಲು ಬಂದವರು ಅಂಥದ್ದನ್ನೆಲ್ಲ ಕೇಳುವ ಕಾಲ ಅದಲ್ಲ. ಆ ಒಂದು ಪ್ರಶ್ನೆಗಾಗಿ ಅತ್ತೆ ಅವನನ್ನು ಮರೆತಿರಲಿಲ್ಲ. ಆಮೇಲೆ ಅವರ ಕಡೆಯಿಂದ ಸುದ್ದಿಯೇ ಬರಲಿಲ್ಲ. ಅಲ್ಲಿಂದಾಚೆಗೆ ಬೇರೆ ಯಾರೂ ಬರಲಿಲ್ಲ. ಊರಿನ ಹೆಂಗಸರು ಅತ್ತೆಯ ಜೊತೆ ನಗುನಗುತ್ತಲೇ ಇರುತ್ತಿದ್ದರು, ಆದರೆ ಎಳೆಗೂಸನ್ನು ಅವಳ ಕೈಗೆ ಕೊಡುತ್ತಿರಲಿಲ್ಲ. ಮದುವೆ ಮನೆಗಳಲ್ಲಿ ಅವಳನ್ನು ಒಲೆಯ ಹತ್ತಿರ ಬಿಡುತ್ತಿರಲಿಲ್ಲ. ಪಕ್ಕದ ಮನೆ ನಂಜಮ್ಮನಂತೂ ಅತ್ತೆ ಎಲ್ಲಿ ಕೂತರೂ ಬೀಗದ ಕೈ ಗೊಂಚಲನ್ನು ಸೊಂಟದಿಂದ ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದಳು. ಏಕೆಂದು ನಮಗಾರಿಗೂ ತಿಳಿದಿರಲಿಲ್ಲ. ತನ್ನ ಗ್ರಹಚಾರಕ್ಕೆ ಜನ ಹೆದರುತ್ತಾರೆ ಎಂದುಕೊಂಡು ಅತ್ತೆ ತಾನೇ ದೂರ ಕೂರುವುದನ್ನು ರೂಢಿ ಮಾಡಿಕೊಂಡಿದ್ದಳು.

ಅಜ್ಜಿಯ ಬಗ್ಗೆಯೂ ಒಂದು ವಿಷಯ ಹೇಳಬೇಕು. ನಮ್ಮ ಕಡೆ ಸಾವಿನ ಮನೆಯಲ್ಲಿ ಅಳುವುದೆಂದರೆ ಬರೀ ಕಣ್ಣೀರು ಹಾಕುವುದಲ್ಲ, ಹೇಳಿಕೊಂಡು ಅಳಬೇಕು. ಸತ್ತವರ ಗುಣ, ಅವರಿಗೆ ಆದ ಅನ್ಯಾಯ, ತಾನು ಅವರಿಗೆ ಮಾಡಿದ ತಪ್ಪು, ಎಲ್ಲವನ್ನೂ ರಾಗವಾಗಿ ಹೆಣದ ಮುಂದೆ ಒಪ್ಪಿಸಬೇಕು. ಅಜ್ಜಿ ಇದರಲ್ಲಿ ಸುತ್ತಮುತ್ತಲ ಊರಿಗೆಲ್ಲ ಹೆಸರಾದವಳು. ಅವಳು ಹೋಗುವ ತನಕ ಹೆಣ ಎತ್ತುತ್ತಿರಲಿಲ್ಲ. ಸೊಸೆಗೆ ಅನ್ನ ಹಾಕದ ಅತ್ತೆ, ಅಪ್ಪನನ್ನು ಹೊಡೆದ ಮಗ, ಯಾರ ಹುಳುಕನ್ನೂ ಅವಳು ಬಿಡುತ್ತಿರಲಿಲ್ಲ. ಅದಕ್ಕೆ ಯಾರೂ ಸಿಟ್ಟಾಗುವಂತಿಲ್ಲ, ಆಮೇಲೆ ಆ ಮಾತನ್ನು ಎತ್ತುವಂತೆಯೂ ಇಲ್ಲ. ಹೆಣದ ಮುಂದೆ ಆಡಿದ ಮಾತು ಹೆಣದ ಜೊತೆಗೇ ಮಣ್ಣಾಗಬೇಕು ಎಂಬುದು ಕಟ್ಟಳೆ. ಬದುಕಿದ್ದವರ ಮುಂದೆ ಮಾತ್ರ ಅಜ್ಜಿ ಬಾಯಿ ಬಿಗಿದ ಮೂಟೆ. ಅತ್ತೆಯನ್ನು ಕೂರಿಸಿಕೊಂಡು ಎರಡು ಒಳ್ಳೆಯ ಮಾತಾಡಿದ್ದನ್ನು ನಾನು ಕಂಡವಳಲ್ಲ.

ಇಂಥ ಮನೆಗೆ ಸಿನಿಮಾದವರು ಬಂದರು. ಅದು ಎಲ್ಲರಿಗೂ ಗೊತ್ತಿರುವ ಕಥೆ. ಹಗೆ ಸಾಧಿಸುವ ಎರಡು ಮನೆತನ, ಆ ಎರಡು ಮನೆಯ ಎಳೆಯ ಜೀವಗಳ ಪ್ರೀತಿ. ಹುಡುಗಿ ವಿಷ ಕುಡಿಯುತ್ತಾಳೆ, ಹುಡುಗ ಅವಳ ಮೇಲೆಯೇ ಬಿದ್ದು ಪ್ರಾಣ ಬಿಡುತ್ತಾನೆ. ಯಾವ ದೇಶದಲ್ಲಿ ಎಂದು ಹುಟ್ಟಿದ ಕಥೆಯೋ, ಅದಕ್ಕೆ ರಾಗಿ ಕಣ, ಎತ್ತಿನ ಗಾಡಿ ಸೇರಿಸಿ ನಮ್ಮೂರಿಗೆ ತಂದಿದ್ದರು. ನಮ್ಮ ಮನೆ ಹುಡುಗಿಯ ಮನೆಯಾಯಿತು. ಅತ್ತೆಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಶೂಟಿಂಗಿನವರಿಗೆ ನೀರು ಕೊಡುವ ನೆಪದಲ್ಲಿ ಇಡೀ ಕಥೆಯನ್ನು ಕೇಳಿ ತಿಳಿದುಕೊಂಡು, ನಮಗೆ ಊಟ ಬಡಿಸುತ್ತಾ ಒಪ್ಪಿಸುತ್ತಿದ್ದಳು. ಹುಡುಗಿ ಸಾಯುವ ಜಾಗಕ್ಕೆ ಬಂದಾಗ ಸಾರಿನ ಸೌಟು ಅವಳ ಕೈಯಲ್ಲೇ ಉಳಿಯುತ್ತಿತ್ತು.

ಹೆಣದ ದೃಶ್ಯದ ದಿನ ಒಂದು ತೊಡಕಾಯಿತು. ನಾಯಕಿಯ ಮುಖವನ್ನು ಹತ್ತಿರದಿಂದ ತೆಗೆದುಕೊಂಡಾಗಿತ್ತು. ಜನರೆಲ್ಲ ಸುತ್ತ ಕೂತು ಅಳುವುದನ್ನು ತೆಗೆಯುವಾಗ ಮಾತ್ರ ಅವಳನ್ನು ಮಲಗಿಸಲು ಅವಳ ತಾಯಿ ಸುತರಾಂ ಒಪ್ಪಲಿಲ್ಲ. ಮಗಳಿಗೆ ಮದುವೆ ಗೊತ್ತಾಗಿದೆ, ಹೂವಿನ ಹಾರ ಹಾಕಿಸಿಕೊಂಡು ಹೆಣವಾಗಿ ಮಲಗುವುದು ಅಪಶಕುನ ಎಂದು ಕಾರು ಹತ್ತಿಸಿಕೊಂಡು ಹೊರಟೇಬಿಟ್ಟರು. ಅದೇ ಎತ್ತರದ ಹೆಣ್ಣೊಬ್ಬಳು ಬೇಕು, ಮುಖ ಕಾಣಿಸುವುದಿಲ್ಲ ಎಂದು ಮ್ಯಾನೇಜರು ನಮ್ಮ ಅಂಗಳದಲ್ಲಿ ನಿಂತು ಕೇಳಿದ. ಹೆಂಗಸರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು.

“ಮದ್ವೆ ಆಗೋರು ಮಲಗಬಾರದು ಅಂತ ತಾನೇ? ನಾನು ಮಲಗ್ತೀನಿ ಬಿಡಿ,” ಎಂದಳು ಅತ್ತೆ.

“ನಿಂಗೇನ್ ಬಂದಿರೋದು? ಬ್ಯಾಡ ಅಂದ್ರೆ ಬ್ಯಾಡ,” ಎಂದು ಅಜ್ಜಿ ಗದರಿದಳು.

“ಒಂದೇ ಒಂದು ಶಾಟು ಕಣಮ್ಮ. ಆಮೇಲೆ ನಾವೇ ಕುಂಬಳಕಾಯಿ ಒಡೆದು ದೃಷ್ಟಿ ತೆಗೀತೀವಿ,” ಎಂದ ಮ್ಯಾನೇಜರು.

ಅತ್ತೆಗೆ ಹೊಸ ಸೀರೆ ಉಡಿಸಿ, ಕೆನ್ನೆಗೆ ಅರಿಶಿನ ಬಳಿದು, ಹಣೆಗೆ ಕಾಸು ಅಂಟಿಸಿ, ಮೂಗಿಗೆ ಹತ್ತಿ ಇಟ್ಟು, ಸೇವಂತಿಗೆ ಹಾರ ಹಾಕಿ ಅಂಗಳದಲ್ಲಿ ಚಾಪೆಯ ಮೇಲೆ ಮಲಗಿಸಿದರು. ಸತ್ತವಳ ತಂಗಿಯೆಂದು ನನ್ನನ್ನು ತಲೆಯ ಹತ್ತಿರ ಕೂರಿಸಿದರು. ಸುತ್ತ ಊರಿನ ಹೆಂಗಸರು. ಅಜ್ಜಿಯ ಹೆಸರನ್ನು ಆಗಲೇ ಕೇಳಿದ್ದ ಡೈರೆಕ್ಟರು ಅವಳನ್ನು ಹೆಣದ ಎದೆಯ ಹತ್ತಿರ ಕೂರಿಸಿ, ‘ನಿಮ್ಮ ಪದ್ಧತಿ ಹೇಗಿದೆಯೋ ಹಾಗೇ ಅಳಿ ಅಜ್ಜಿ, ಮಧ್ಯದಲ್ಲಿ ನಿಲ್ಲಿಸಬೇಡಿ’ ಎಂದರು. ಬೀದಿಯಲ್ಲಿ ಜನರೇಟರು ಗುಡುಗುಡು ಎನ್ನುತ್ತಿತ್ತು. ದೀಪ ಹತ್ತಿಕೊಂಡಿತು. ಹೆಂಗಸರು ಒಟ್ಟಿಗೆ ಗೋಳೋ ಎಂದರು. ಅವರಿಗೆ ಅದು ಒಂದು ತಮಾಷೆ. ನಂಜಮ್ಮ ಸೆರಗಿನೊಳಗೆ ನಗುತ್ತಿದ್ದಳು. ಅಜ್ಜಿ ಮಾತ್ರ ಅಳಲಿಲ್ಲ, ಮಗಳ ಮುಖವನ್ನೇ ನೋಡುತ್ತಾ ಕೂತಳು. ಅರಿಶಿನದ ಆ ಮುಖ ನನಗೂ ಹೆದರಿಕೆ ಹುಟ್ಟಿಸಿತ್ತು. ಇದ್ದಕ್ಕಿದ್ದಂತೆ ಅಜ್ಜಿಯ ಸೆರಗು ಜಾರಿತು, ತುರುಬು ಬಿಚ್ಚಿತು, ಅವಳು ಮಗಳ ಎದೆಯ ಮೇಲೆ ಕೈ ಬಡಿಯುತ್ತಾ ರಾಗ ತೆಗೆದಳು.

“ಎದ್ದೇಳವ್ವಾ ನನ್ ಗೌರೀ... ಒಪ್ಗೆ ಅಂತ ಬಾಗ್ಲಿಗೆ ಬಂದೋರ್ನ ನಾನೇ ತಿರುಗ್ಸಿ ಕಳ್ಸಿದ್ನಲ್ಲೇ... ನನ್ ಮಗೀಗೆ ಮೂರ್ಛೆ ಬತ್ತದೆ ಅಂದ್ಬುಟ್ನಲ್ಲೇ... ಕಾಯ್ಲೆ ಇಲ್ದೋಳ್ಗೆ ಕಾಯ್ಲೆ ಕಟ್ಟಿ ಊರೆಲ್ಲ ಸಾರಿದ್ನಲ್ಲೇ... ಸೊಸೆ ಕೆಲಸಕ್ಕೋಯ್ತಾಳೆ, ತೊಟ್ಟಿಲ ಕೂಸ ಯಾರ್ ನೋಡ್ತಾರೆ ಅಂತ ನಿನ್ನ ಮನೇಲೇ ಮಡೀಕಂಡ್ನಲ್ಲೇ... ತಪ್ಪಾಯ್ತು ಕಣೇ ನನ್ ತಾಯೀ...”

ಅಷ್ಟು ಹೆಂಗಸರ ಕೂಗಾಟ, ಜನರೇಟರಿನ ಸದ್ದು; ಅಜ್ಜಿಯ ಮಾತು ಮೂರನೆಯವರಿಗೆ ಕೇಳಿಸಲಿಲ್ಲ. ಕೇಳಿಸಿದ್ದು ಅತ್ತೆಗೆ, ನನಗೆ. ತೊಟ್ಟಿಲ ಕೂಸು ಎಂದರೆ ನಾನೇ ಎಂದು ತಿಳಿಯದಷ್ಟು ಚಿಕ್ಕವಳಲ್ಲ ನಾನು. ಬಗ್ಗಿ ಅತ್ತೆಯ ಮುಖ ನೋಡಿದೆ. ಅವಳು ಉಸಿರು ಬಿಗಿಹಿಡಿದು ಹೆಣವಾಗಿಯೇ ಇದ್ದಳು. ಮುಚ್ಚಿದ ರೆಪ್ಪೆಯ ಅಂಚಿನಿಂದ ನೀರು ಇಳಿದು ಕಿವಿಯೊಳಗೆ ಹೋಗುತ್ತಿತ್ತು. ಡೈರೆಕ್ಟರು ‘ಕಟ್’ ಎಂದು ಚಪ್ಪಾಳೆ ತಟ್ಟಿದರು.

“ಅಜ್ಜಿ, ಸೂಪರ್. ಸೇಫ್ಟಿಗೆ ಇನ್ನೊಂದ್ಸಲ ಹೀಗೇ ಮಾಡ್ಬಿಡಿ.”

ಅಜ್ಜಿ ಬೆಪ್ಪಾಗಿ ಕೂತಿದ್ದಳು. ಏನಾಯಿತೆಂದು ಆಗ ಅವಳಿಗೆ ಹೊಳೆದಿರಬೇಕು. ಅತ್ತೆ ಕಣ್ಣು ತೆರೆಯದೆಯೇ ಮೆಲ್ಲಗೆ ಹೇಳಿದಳು.

“ಅಮ್ಮಾ, ಈಗ ಅಂದ್ಯಲ್ಲ, ಅದನ್ನೇ ಹೇಳು.”

ಎರಡನೆಯ ಸಲ ಅಜ್ಜಿ ಹೂವಿನಂಥ ಮಗಳೇ, ಮುತ್ತಿನಂಥ ಮಗಳೇ ಎಂದು ಎಲ್ಲ ಮನೆಯಲ್ಲೂ ಹೇಳುವ ಮಾತು ಹೇಳಿ ಮುಗಿಸಿದಳು. ಡೈರೆಕ್ಟರು ಮೊದಲನೆಯದೇ ಇರಲಿ ಎಂದರು. ಹೆಣವಾಗಿ ಮಲಗಿದವರು ಕಡೆಗೆ ಕ್ಯಾಮೆರಾದ ಮುಂದೆ ನಗಬೇಕು, ಇಲ್ಲದಿದ್ದರೆ ಒಳ್ಳೆಯದಲ್ಲ ಎಂದು ಸಿನಿಮಾದವರಲ್ಲಿ ಒಂದು ಪದ್ಧತಿಯಂತೆ. ಕುಂಬಳಕಾಯಿ ಒಡೆದು ಅತ್ತೆಯನ್ನು ಎಬ್ಬಿಸಿ ಕೂರಿಸಿ, ‘ನಗಮ್ಮಾ, ಸ್ವಲ್ಪ ನಗು’ ಎಂದರು. ಅತ್ತೆ ಅರಿಶಿನದ ಮುಖದಲ್ಲಿ, ಮೂಗಿನಲ್ಲಿ ಇನ್ನೂ ಹತ್ತಿ ಇರುವಾಗಲೇ, ಕ್ಯಾಮೆರಾ ನೋಡಿ ನಕ್ಕಳು. ಹೇಳಿದ ಕೆಲಸವನ್ನು ತಪ್ಪಿಲ್ಲದೆ ಮಾಡುವುದು ಅವಳ ಅಭ್ಯಾಸವಾಗಿತ್ತು.

ಆವತ್ತು ಸಂಜೆ ಅತ್ತೆ ಮುಖ ತೊಳೆದು, ಎಂದಿನಂತೆ ಸೊಪ್ಪು ಬಸಿದು, ಸಾರು ಕುದಿಸಿ, ಅಪ್ಪ ಅಮ್ಮ ಬಂದಮೇಲೆ ಎಲ್ಲರಿಗೂ ಬಡಿಸಿದಳು. ಅಜ್ಜಿಯ ತಟ್ಟೆಗೆ ಮುದ್ದೆ ಇಟ್ಟು ಅಲ್ಲೇ ನಿಂತಳು.

“ಅಣ್ಣಾ, ಆ ರಾಜಾನುಕುಂಟೆಯವರು ಒಪ್ಪಿದ್ರಂತೆ. ನಂಗೆ ಮೂರ್ಛೆ ಬರುತ್ತೆ ಅಂತ ಅಮ್ಮನೇ ಹೇಳಿ ಕಳಿಸಿದ್ಳಂತೆ.”

“ಯಾರಂದ್ರು?” ಎಂದರು ಅಪ್ಪ.

“ಅಮ್ಮನೇ. ಇವತ್ತು ಅಳೋವಾಗ.”

ಅಪ್ಪ ಅಜ್ಜಿಯ ಕಡೆ ನೋಡಿದರು. ಅಜ್ಜಿ ತಟ್ಟೆಯಿಂದ ತಲೆ ಎತ್ತಲಿಲ್ಲ. “ಎಣದ್ ಮುಂದೆ ಅಂದಿದ್ದು ಅದು. ಅದನ್ನ ಎತ್ತಬಾರ್ದು,” ಎಂದಳು.

“ನಾನು ಹೆಣ ಅಲ್ವಲ್ಲಮ್ಮ,” ಎಂದಳು ಅತ್ತೆ.

ತಮ್ಮ ಒಬ್ಬನೇ ಸೊರ್ ಎಂದು ಸಾರು ಹೀರುತ್ತಿದ್ದ. ಅಪ್ಪ, ‘ಅದು ಸಿನಿಮಾದವರು ಹೇಳಿಕೊಟ್ಟ ಮಾತಿರಬೇಕು ಬಿಡು ಗೌರಿ’ ಎಂದು ಕೈ ತೊಳೆಯಲು ಎದ್ದರು. ಅಮ್ಮ ಅಳುತ್ತಿದ್ದಳು. ಅವಳಿಗೆ ಇದು ಮುಂಚೆಯೇ ಗೊತ್ತಿತ್ತೋ ಇಲ್ಲವೋ, ಅಮ್ಮ ಇರುವ ತನಕ ನಾನು ಕೇಳಲಿಲ್ಲ, ಕೇಳುವ ಧೈರ್ಯ ನನಗಿರಲಿಲ್ಲ. ನಂಜಮ್ಮನ ಬೀಗದ ಕೈ ಗೊಂಚಲು ಏಕೆಂದು ಅವತ್ತು ನನಗೆ ತಿಳಿಯಿತು. ಮೂರ್ಛೆ ಬಂದವರ ಕೈಗೆ ಕಬ್ಬಿಣ ಕೊಡುತ್ತಾರೆ. ಅಷ್ಟು ವರ್ಷ ಇಡೀ ಊರು ಅತ್ತೆ ಯಾವಾಗ ಬೀಳುತ್ತಾಳೋ ಎಂದು ಕಾದುಕೊಂಡು ಕೂತಿತ್ತು.

ಅತ್ತೆ ಮತ್ತೆ ಆ ಮಾತು ಎತ್ತಲಿಲ್ಲ. ಮಂಗಳವಾರದ ಅರಳಿಕಟ್ಟೆ ನಿಂತಿತು, ಅಷ್ಟೇ. ಏಕೆ ನಿಲ್ಲಿಸಿದೆ ಎಂದು ಅಪ್ಪ ಒಂದು ಸಲ ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರ ಎರಡೇ ಮಾತು.

“ಸಿನಿಮಾ ಬರ್ಲಿ.”

ಅವಳ ಲೆಕ್ಕ ನನಗೆ ನಿಧಾನವಾಗಿ ಅರ್ಥವಾಯಿತು. ಕ್ಯಾಮೆರಾದ ಮುಂದೆ ಆಡಿದ್ದೆಲ್ಲ ಪರದೆಯ ಮೇಲೆ ಬರುತ್ತದೆ ಎಂದೇ ನಮ್ಮ ತಿಳಿವಳಿಕೆ. ಅಜ್ಜಿಯ ಬಾಯಿಂದಲೇ, ಅಜ್ಜಿಯ ರಾಗದಲ್ಲೇ, ನನ್ನ ಮಗಳಿಗೆ ಕಾಯಿಲೆ ಇಲ್ಲ ಎಂಬ ಮಾತು ಊರಿಗೆಲ್ಲ ಕೇಳಿಸುತ್ತದೆ, ರಾಜಾನುಕುಂಟೆಗೂ ಕೇಳಿಸುತ್ತದೆ. ಮದುವೆಯ ಆಸೆ ಅವಳಲ್ಲಿ ಉಳಿದಿತ್ತೆಂದು ನನಗೆ ಅನ್ನಿಸುವುದಿಲ್ಲ. ಯಾರದಾದರೂ ಎಳೆಗೂಸನ್ನು ಧೈರ್ಯವಾಗಿ ಎತ್ತಿಕೊಳ್ಳಬೇಕು, ಎಲ್ಲರ ನಡುವೆ ಕೂರಬೇಕು ಎಂಬುದಷ್ಟೇ ಇದ್ದಿರಬೇಕು. ಅಜ್ಜಿಯೂ ಹಾಗೆಯೇ ನಂಬಿದ್ದಳು. ಆ ಪಿಚ್ಚರು ಡಬ್ಬದಲ್ಲೇ ಕೊಳೆಯಲಿ ಎಂದು ಊರ ದೇವರಿಗೆ ಹರಕೆ ಹೊತ್ತಳು. ಸಾವಿನ ಮನೆಗಳಿಗೆ ಹೋಗುವುದನ್ನು ಬಿಟ್ಟಳು. ಕರೆಯಲು ಬಂದವರಿಗೆ ಮಂಡಿ ನೋವು ಎಂದಳು. ತಾಯಿ ಮಗಳು ಒಂದೇ ಒಲೆಯ ಮುಂದೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು, ಒಂದು ಮಾತಿಲ್ಲ. ಹೆಣದ ತಲೆಯ ಹತ್ತಿರ ನಾನು ಕೂತಿದ್ದೆ ಎಂಬುದು ಅತ್ತೆಗೆ ಗೊತ್ತಿತ್ತು. ಆದರೂ ಅವಳು ನನ್ನನ್ನು ಸಾಕ್ಷಿಗೆ ಕರೆಯಲಿಲ್ಲ. ಆ ಕೂಸು ಯಾರೆಂದು ನಾನು ಬಾಯಿಬಿಟ್ಟು ಹೇಳಬೇಕಾಗುತ್ತದೆ ಎಂದು ಸುಮ್ಮನಿದ್ದಳು. ಅವಳು ಎಲ್ಲಿ ನಮ್ಮನ್ನು ಬಿಟ್ಟು ಹೋಗುತ್ತಾಳೋ ಎಂದು ನಾನು ಅವಳ ಸೆರಗು ಹಿಡಿದೇ ತಿರುಗುತ್ತಿದ್ದೆ. ಅವಳು ನನ್ನ ತಲೆ ಬಾಚುವಾಗ ಕೈ ಮೊದಲಿನಷ್ಟೇ ಮೃದುವಾಗಿತ್ತು.

ಮರುವರ್ಷ ಹುಣಸೆಹಣ್ಣು ಬಡಿಯುವ ಕಾಲಕ್ಕೆ ಸಿನಿಮಾ ಬಂತು. ನಮ್ಮೂರು ಪರದೆಯ ಮೇಲೆ ಬರುತ್ತದೆಂದು ಊರಿಗೆ ಊರೇ ಒಂದು ಭಾನುವಾರ ಯಶವಂತಪುರದ ಟಾಕೀಸಿಗೆ ಮ್ಯಾಟಿನಿಗೆ ಹೊರಟಿತು. ಅಜ್ಜಿ ಮಂಡಿ ನೋವು ಎಂದಳು. ಅತ್ತೆ ಅವಳ ಸೀರೆಯನ್ನು ಮಡಿಕೆ ಬಿಡಿಸಿ ಮಂಚದ ಮೇಲಿಟ್ಟು, ‘ನೀನು ಬರ್ಲೇಬೇಕು’ ಎಂದಳು. ಎಷ್ಟೋ ತಿಂಗಳ ಮೇಲೆ ಅವಳು ತಾಯಿಗೆ ಆಡಿದ ಮೊದಲ ಮಾತು ಅದು. ಅತ್ತೆ ತಾನೂ ನೀಟಾಗಿ ಉಟ್ಟು ಹೂವು ಮುಡಿದಿದ್ದಳು. ಟಾಕೀಸಿನಲ್ಲಿ ಒಂದು ಕಡೆ ಅಜ್ಜಿ, ಇನ್ನೊಂದು ಕಡೆ ನಾನು, ನಡುವೆ ಅವಳು. ನಮ್ಮ ಜಗಲಿ ಕಂಡಾಗ ಊರಿನ ಹುಡುಗರು ಶಿಳ್ಳೆ ಹೊಡೆದರು. ಹೆಣದ ದೃಶ್ಯ ಬಂತು. ಅಂಗಳ, ಚಾಪೆ, ಹೆಂಗಸರು. ಅಜ್ಜಿಯ ಸೆರಗು ಜಾರಿ ತುರುಬು ಬಿಚ್ಚಿತು. ಮೊದಲನೆಯ ಸಲದ್ದೇ ಹಾಕಿದ್ದರು. ಅತ್ತೆ ಸೀಟಿನ ತುದಿಗೆ ಬಂದಳು. ಅಜ್ಜಿಯ ಬಾಯಿ ತೆರೆಯಿತು.

ಕೊಳಲು ಕೇಳಿಸಿತು. ಆಮೇಲೆ ಒಬ್ಬ ಗಂಡಸು ಹಾಡತೊಡಗಿದ. ಅಜ್ಜಿಯ ಬಾಯಿ ಆಡುತ್ತಲೇ ಇತ್ತು, ಕೈ ಎದೆ ಬಡಿಯುತ್ತಲೇ ಇತ್ತು, ಹಾಡು ಅದರ ಮೇಲೆ ಹರಿದು ಹೋಗುತ್ತಿತ್ತು. ಒಂದು ಮಾತೂ ಇಲ್ಲ. ಶೂಟಿಂಗಿನಲ್ಲಿ ಆಡಿದ ಮಾತು ಸಿನಿಮಾಕ್ಕೆ ಬರುವುದಿಲ್ಲ, ಎಲ್ಲವನ್ನೂ ಆಮೇಲೆ ಬೇರೆ ಕಡೆ ಕೂತು ಸೇರಿಸುತ್ತಾರೆ ಎಂಬುದು ನಮಗಾರಿಗೂ ತಿಳಿದಿರಲಿಲ್ಲ. ಅಜ್ಜಿ ದೊಡ್ಡದಾಗಿ ಉಸಿರು ಬಿಟ್ಟದ್ದು ಅತ್ತೆಯನ್ನು ದಾಟಿ ನನಗೆ ಕೇಳಿಸಿತು. ನಾಯಕ ಬಂದು, ಹುಡುಗಿಯ ಮೇಲೆ ಬಿದ್ದು ಸತ್ತ. ಟಾಕೀಸು ಪೂರ್ತಿ ಮೂಗು ಸೀಟುವ ಸದ್ದು. ಅತ್ತೆ ಸೀಟಿನ ತುದಿಯಲ್ಲಿ ಹಾಗೇ ಕೂತಿದ್ದಳು. ಹೊರಗೆ ಬಿಸಿಲಿಗೆ ಬಂದಾಗ ನಂಜಮ್ಮ ಕಣ್ಣೊರೆಸಿಕೊಳ್ಳುತ್ತಾ ಹತ್ತಿರ ಬಂದಳು.

“ಗೌರಿ, ನಿನ್ ಎಣ ಎಷ್ಟ್ ಲಕ್ಷಣವಾಗಿತ್ತು ಕಣೇ.”

ಬಸ್ಸಿನಲ್ಲಿ ನಮ್ಮೂರಿನವರೇ ತುಂಬಿದ್ದರು. ಅಜ್ಜಿಗೆ ಮುಂದಿನ ಸೀಟು ಸಿಕ್ಕಿತು, ಅವಳ ಪಕ್ಕ ನಂಜಮ್ಮ. ಅವರ ಹಿಂದಿನ ಸೀಟಿನಲ್ಲಿ ಅತ್ತೆ, ಕಿಟಕಿಯ ಕಡೆ ನಾನು. ಅಪ್ಪ ಅಮ್ಮ ಕಂಬಿ ಹಿಡಿದು ನಿಂತಿದ್ದರು. ಅಜ್ಜಿಗೆ ಹೋದ ಜೀವ ಬಂದಂತಾಗಿತ್ತು. ಯಾರೋ ತಮಾಷೆ ಮಾಡಿದ್ದಕ್ಕೆ ಅವಳು ನಕ್ಕಳು ಕೂಡ. ಬಸ್ಸು ಎಂ.ಎಸ್. ಪಾಳ್ಯ ದಾಟಿದ ಮೇಲೆ ಅತ್ತೆ ನನ್ನ ಕಡೆ ತಿರುಗಿದಳು.

“ಸುಮಿ, ಅವತ್ತು ನೀನು ನನ್ನ ತಲೆ ಹತ್ರ ಕೂತಿದ್ದೆ.”

“ಹೂಂ ಅತ್ತೆ.”

“ಅಜ್ಜಿ ಏನಂದ್ಳು, ನೆನಪಿದ್ಯಾ?”

“ಇದೆ.”

“ಹೇಳು.”

ನಾನು ಅವಳ ಕಿವಿಗೆ ಬಾಯಿಟ್ಟೆ. ಅವಳು ನನ್ನ ಗಲ್ಲ ಹಿಡಿದು ಮುಖವನ್ನು ಮುಂದಕ್ಕೆ ತಿರುಗಿಸಿದಳು.

“ಕಿವೀಲಲ್ಲ ಮಗಾ. ಗಟ್ಟಿಯಾಗಿ ಹೇಳು.”

ಸೀಟಿನ ಮೇಲೆ ಮಂಡಿಯೂರಿ ಕೂತು ಶುರು ಮಾಡಿದೆ. ಅಜ್ಜಿಯ ರಾಗದಲ್ಲಿ ಕೇಳಿದ್ದ ಮಾತು ನನಗೆ ಬೇರೆ ಥರ ಹೇಳಲು ಬರಲಿಲ್ಲ, ಹಾಗಾಗಿ ರಾಗದಲ್ಲೇ ಹೇಳಿದೆ. ಬಾಗಿಲಿಗೆ ಬಂದವರನ್ನು ತಿರುಗಿಸಿ ಕಳಿಸಿದ್ದನ್ನು ಹೇಳಿದೆ. ಮೂರ್ಛೆ ಬರುತ್ತದೆ ಎಂದದ್ದನ್ನು ಹೇಳಿದೆ. ಮೊದಲು ಮುಂದಿನ ಎರಡು ಸೀಟಿನವರು ಮಾತು ನಿಲ್ಲಿಸಿದರು, ಆಮೇಲೆ ನಿಂತಿದ್ದವರು. ನಂಜಮ್ಮ ತಿರುಗಿ ಅತ್ತೆಯ ಮುಖ ನೋಡಿದಳು. ಅಪ್ಪ ಕಂಬಿಗೆ ಹಣೆ ಹಚ್ಚಿದರು. ಅಜ್ಜಿಯ ಬೆನ್ನು ಮಾತ್ರ ಅಲ್ಲಾಡಲಿಲ್ಲ. ಕಾಯಿಲೆ ಇಲ್ಲದವಳಿಗೆ ಕಾಯಿಲೆ ಕಟ್ಟಿದ್ದನ್ನೂ ಹೇಳಿದೆ. ಅದರ ಮುಂದೆ ಬರುವುದು ತೊಟ್ಟಿಲ ಕೂಸಿನ ಮಾತು. ಅಲ್ಲಿಗೆ ನಿಲ್ಲಿಸಿದೆ. ಅಮ್ಮ ನನ್ನನ್ನೇ ನೋಡುತ್ತಿದ್ದಳು. ಅತ್ತೆ ನನ್ನ ಬೆನ್ನ ಮೇಲೆ ಕೈ ಇಟ್ಟಳು.

“ಅದನ್ನೂ ಹೇಳು,” ಎಂದಳು.

ಹೇಳಿದೆ.